ಐದನೇ ದಿನ ಹೊಲಿ

ಎಂಬಿಬಿಎಸ್ ಮುಗಿಸಿ ಸರ್ಜರಿಯಲ್ಲಿ ಪಿಜಿ ಮಾಡ್ತಿದ್ದಾಗಿನ ಮಾತು. ರಾತ್ರಿ ಎರಡು ಗಂಟೆ ಹೊತ್ತಿಗೆ ಕ್ಯಾಜುಯಲ್ಟಿಗೆ ಒಬ್ಬರನ್ನ ಜೀಪಲ್ಲಿ ಹಾಕ್ಕೊಂಡು ಬಂದ್ರು, ಮಲೆನಾಡು ಕಡೆಯವರು, ಅಡಿಕೆ ತೋಟದಲ್ಲಿ ಕೂಲಿ, ಸಂಜೆ ಬೇಲಿ ಪಕ್ಕ ಏನೋ ಉಂಡೆ ತರ ಬಿದ್ದಿತ್ತಂತೆ, ಏನಿದು ಅಂತ ಎತ್ಕೊಂಡಿದಾರೆ ಅಷ್ಟೆ, ಕೈಯಲ್ಲೇ ಸಿಡಿದಿದೆ. ಕಾಡುಹಂದಿಗೆ ಅಂತ ಇಡ್ತಾರಲ್ಲ ಸಿಡಿಮದ್ದು, ಅದು. ನಮ್ಮ ಕಡೆ ಅದನ್ನ ಕಚ್ಚಿ ದವಡೆ ಛಿದ್ರ ಆದ ದನಗಳನ್ನ ನೋಡಿದವರಿಗೆ ಗೊತ್ತಿರುತ್ತೆ. ಕೈಗೆ ಮನೆಯ ಟವೆಲ್ ಸುತ್ತಿದ್ರು, ರಕ್ತ ಒಣಗಿ ಅಂಟಿಕೊಂಡಿತ್ತು, ನೀರು ಹಾಕಿ ಹಾಕಿ ಬಿಡಿಸಿದ್ರೆ ಕಿರುಬೆರಳೂ ಉಂಗುರದ ಬೆರಳೂ ಇಲ್ಲ, ಅಂಗೈ ಉದ್ದಕ್ಕೆ ಸೀಳಿಹೋಗಿದೆ, ಒಳಗೆ ಮದ್ದಿನ ಕಪ್ಪು, ಮಣ್ಣು, ಅಂಗಿ ತೋಳಿನ ನೂಲು.

ನಾನಾಗ ಎರಡನೇ ವರ್ಷದ ಪಿಜಿ, ಕೈ ಕುದುರಿದೆ ಅನ್ನೋ ಜಂಬ ಬೇರೆ. ಸಲೈನಲ್ಲಿ ತೊಳೆದು, ಕಣ್ಣಿಗೆ ಕಂಡ ಕೊಳೆ ಎಲ್ಲ ತೆಗೆದು, ಎರಡು ಗಂಟೆ ಕೂತು ಅಚ್ಚುಕಟ್ಟಾಗಿ ಹೊಲಿದೆ. ಟಿಟಿ (ಧನುರ್ವಾಯು ಇಂಜೆಕ್ಷನ್) ಕೊಟ್ಟೆ, ಆಂಟಿಬಯೋಟಿಕ್ ಬರೆದೆ. ಸಿಸ್ಟರ್ ಕೂಡ "ಚೆನ್ನಾಗ್ ಬಂತು ಡಾಕ್ಟ್ರೇ" ಅಂದ್ರು. ಫೋಟೋ ತೆಗೆದು ಬ್ಯಾಚ್ ಗ್ರೂಪಿಗೂ ಹಾಕಿದ್ದೆ, ಈಗ ನೆನೆಸ್ಕೊಂಡ್ರೆ ಮೈ ಮುದುಡುತ್ತೆ.

ಮೂರನೇ ದಿನ ಬೆಳಿಗ್ಗೆ ರೌಂಡ್ಸಿಗೆ ಹೋದ್ರೆ ವಾರ್ಡಿನ ಬಾಗಿಲಲ್ಲೇ ವಾಸನೆ. ಜ್ವರ 103, ಮೊಣಕೈವರೆಗೂ ಬಾತು ಮಿರಿಮಿರಿ ಅಂತಿದೆ, ಹೊಲಿಗೆ ನೂಲು ಚರ್ಮದೊಳಗೆ ಹೂತುಹೋಗಿದೆ. ಚೀಫು ಪಟ್ಟಿ ಬಿಚ್ಚಿ ಒಂದು ನಿಮಿಷ ನೋಡಿದ್ರು. "ಯಾರ್ರೀ ಇದನ್ನ ಹೊಲ್ದಿದ್ದು?" ನಾನೇ ಸರ್ ಅಂದೆ. "ತುಂಬಾ ಚೆನ್ನಾಗಿ ಹೊಲ್ದಿದೀರ, ಬಿಚ್ಚಿ ಈಗ" ಅಂತ ಕತ್ತರಿ ನನ್ನ ಕೈಗೇ ಕೊಟ್ರು. ಮೊದಲ ಎರಡು ಹೊಲಿಗೆ ಕತ್ತರಿಸ್ತಿದ್ದಂಗೆ ಒಳಗಿಂದ ಬೂದು ಬಣ್ಣದ ನೀರು ಗುಳ್ಳೆ ಗುಳ್ಳೆಯಾಗಿ ಹೊರಗೆ ಬಂತು. ನಾನು ಚೆಂದಾಗಿ ಮುಚ್ಚಿದ್ದು ಸತ್ತ ಮಾಂಸಾನ. ಆಮೇಲೆ ಮೂರು ಸಲ ಓಟಿಗೆ, ಅಂದ್ರೆ ಆಪರೇಷನ್ ಥಿಯೇಟರಿಗೆ, ತಗೊಂಡ್ವಿ, ಕೊನೆಗೆ ಜೀವ ಉಳಿಸೋಕೆ ಮಣಿಕಟ್ಟಿನ ಮೇಲೆ ಕೈ ತೆಗೀಬೇಕಾಯ್ತು. ಅವರ ಹೆಂಡತಿ ಜಗಳ ಆಡಲಿಲ್ಲ, "ಬರೋವಾಗ ಎರಡು ಬೆರಳಷ್ಟೇ ಹೋಗಿತ್ತಲ್ಲ ಡಾಕ್ಟ್ರೇ" ಅಂದ್ರು ಅಷ್ಟೆ.

ಆ ವಾರ ಚೀಫು ಬೈಯಲಿಲ್ಲ, ಒಂದು ಪಿಡಿಎಫ್ ಕಳಿಸಿದ್ರು. ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯವರ ಯುದ್ಧ ಸರ್ಜರಿ ಕೈಪಿಡಿ, ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ಅವತ್ತು ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ. ನಾನು ಯಾವ ಯುದ್ಧಕ್ಕೂ ಹೋದವನಲ್ಲ, ತಾಲ್ಲೂಕು ಆಸ್ಪತ್ರೆಯ ಸರ್ಜನ್ನು, ಹರ್ನಿಯಾ ಅಪೆಂಡಿಕ್ಸು ಮಾಡ್ಕೊಂಡು ಇರೋನು. ಆದ್ರೂ ಯುದ್ಧದ ಗಾಯ ಅಂದ್ರೇನು, ಅದರಲ್ಲೂ ಬಂದೂಕೇ ಹಿಡಿಯದ ಜನಕ್ಕೆ ಆದ ಗಾಯ ಹೇಗೆ ನೋಡ್ಕೋತಾರೆ, ಯಾವುದು ಕೆಲಸ ಮಾಡಿದೆ ಯಾವುದು ಮಾಡಿಲ್ಲ ಅಂತ ಸಿಕ್ಕಿದ್ದೆಲ್ಲ ಓದ್ತಾ ಇರ್ತೀನಿ, ಅದನ್ನೇ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗಬಹುದು.

ಮೊದಲು ಗಾಯದ ವಿಷಯ. ಚಾಕು ಹಾಕಿದ್ರೆ ಚಾಕು ಹೋದ ದಾರಿ ಮಾತ್ರ ಗಾಯ. ಶೆಲ್ ಚೂರು ಹಾಗಲ್ಲ, ಮೇಲೆ ಹೆಬ್ಬೆರಳಷ್ಟು ತೂತು ಇರುತ್ತೆ, ಒಳಗೆ ಮುಷ್ಟಿ ತೂರಿಸೋವಷ್ಟು ಮಾಂಸ ಜಜ್ಜಿಹೋಗಿರುತ್ತೆ, ಬಟ್ಟೆ ಮಣ್ಣು ಎಲ್ಲ ಆಳಕ್ಕೆ ಎಳ್ಕೊಂಡು ಹೋಗಿರುತ್ತೆ. ಸತ್ತ ಮಾಂಸಕ್ಕೆ ರಕ್ತ ಹೋಗಲ್ಲ, ರಕ್ತ ಹೋಗದ ಕಡೆ ನೀವು ಎಷ್ಟು ಆಂಟಿಬಯೋಟಿಕ್ ಕೊಟ್ರೂ ಅದೂ ಹೋಗಲ್ಲ. ಹಾಗಾಗಿ ಕತ್ತರಿಸಿ ತೆಗೀಬೇಕು. ಎಷ್ಟು ತೆಗೀಬೇಕು ಅನ್ನೋದಕ್ಕೆ ಹಳೇ ಲೆಕ್ಕ ಇದೆ: ಮಾಂಸದ ಬಣ್ಣ ನೋಡು, ಮುಟ್ಟಿ ನೋಡು ಗಟ್ಟಿ ಇದೆಯಾ ಲೊಳಲೊಳ ಅಂತಾ, ಚಿಮಟದಲ್ಲಿ ಚಿವುಟು ಕುಗ್ಗುತ್ತಾ, ಕೊಯ್ಯಿ ರಕ್ತ ಒಸರುತ್ತಾ. ಇಲ್ಲ ಅಂದ್ರೆ ಅದು ಹೋಗಬೇಕು. ತೆಗೆದಾದ ಮೇಲೆ, ಇದೇ ನೋಡಿ ಮುಖ್ಯ, ಹೊಲೀಬಾರದು. ಗಾಜ್ ಬಟ್ಟೆ (ಗಾಯಕ್ಕೆ ಇಡೋ ತೆಳು ಹತ್ತಿ ಬಟ್ಟೆ) ಕೆದರಿ ಹಗುರವಾಗಿ ಇಟ್ಟು ದಪ್ಪ ಪಟ್ಟಿ ಕಟ್ಟಿ ಬಿಡಬೇಕು, ನಾಲ್ಕೈದು ದಿನ ಮುಟ್ಟಬಾರದು, ದಿನಾ ಬಿಚ್ಚಿ ನೋಡೋ ಚಟ ಬೇಡ, ಜ್ವರ ಬಂದ್ರೆ ಅಥವಾ ಕೊಳೆತ ನಾತ ಬಂದ್ರೆ ಮಾತ್ರ ಬಿಚ್ಚಬೇಕು. ಐದನೇ ದಿನ ಓಟಿಯಲ್ಲಿ ತೆಗೆದು ನೋಡಿದ್ರೆ ಕೆಂಪಗೆ ಇರುತ್ತೆ, ಆಗ ಹೊಲಿ.

ಇದೇನು ಹೊಸ ಸಂಶೋಧನೆ ಅಲ್ಲ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಸರ್ಜನ್ ಆಂಟ್ವಾನ್ ದಪಾಜ್ ಮತ್ತೆ ಅವರ ಕಾಲದವರು ಕಂದಕದ ಕೆಸರಲ್ಲಿ ಬಿದ್ದು ಬಂದ ಹುಡುಗರ ಕಾಲುಗಳನ್ನ ನೋಡಿ ನೋಡಿ ಕಲಿತ ಪಾಠ ಇದು. ನೂರು ವರ್ಷ ದಾಟಿದೆ. ಆದ್ರೂ ಪ್ರತಿ ಯುದ್ಧದಲ್ಲೂ ಊರ ಸರ್ಜನ್‌ಗಳು ನನ್ನ ಹಾಗೇ ಮೊದಲ ವಾರ ಹೊಲೀತಾರೆ, ಎರಡನೇ ವಾರ ಬಿಚ್ಚುತಾರೆ. ತಪ್ಪು ಅವರದ್ದೂ ಅನ್ನೋಕಾಗಲ್ಲ, ನಮ್ಮ ಪರೀಕ್ಷೆಗಳಲ್ಲಿ ಥೈರಾಯ್ಡ್ ಬಗ್ಗೆ ಕೇಳಿದಷ್ಟು ಇದನ್ನ ಯಾರೂ ಕೇಳಲ್ಲ.

ಆದ್ರೆ ಗಾಯಾಳು ಸರ್ಜನ್ ಹತ್ರ ಬಂದ್ರೆ ತಾನೆ ಇದೆಲ್ಲ? ಎಷ್ಟೋ ಜನ ಬರೋದೇ ಇಲ್ಲ, ದಾರಿಯಲ್ಲೇ ಹೋಗ್ಬಿಡ್ತಾರೆ. ಸೈನಿಕನಿಗಾದ್ರೆ ಪಕ್ಕದಲ್ಲೇ ಮೆಡಿಕ್ ಇರ್ತಾನೆ, ಹೆಲಿಕಾಪ್ಟರ್ ಬರುತ್ತೆ, ಹಿಂದೆ ಸರ್ಜಿಕಲ್ ಟೀಮ್ ರೆಡಿ ಇರುತ್ತೆ, ಜೊತೆಗೆ ಎದೆಗೆ ರಕ್ಷಾ ಕವಚ. ತರಕಾರಿ ತರೋಕೆ ಹೋದ ಅಜ್ಜಿಗೆ ಏನಿದೆ? ಯಾರದ್ದೋ ಟ್ಯಾಕ್ಸಿ, ತಳ್ಳೋ ಗಾಡಿ.

ಇದನ್ನ ದೊಡ್ಡ ಮಟ್ಟದಲ್ಲಿ ಸರಿ ಮಾಡೋಕೆ ಹೊರಟಿದ್ದು ಇರಾಕಿನ ಮೋಸುಲ್‌ನಲ್ಲಿ. 2014ರ ಜೂನಲ್ಲಿ ಐಸಿಸ್ ಉಗ್ರರ ಕೈಗೆ ಹೋಗಿದ್ದ ಊರದು, 2016ರ ಅಕ್ಟೋಬರ್ 17ಕ್ಕೆ ಅದನ್ನ ವಾಪಸ್ ತಗೊಳ್ಳೋ ಯುದ್ಧ ಶುರುವಾಗಿ 2017ರ ಜುಲೈವರೆಗೂ ನಡೀತು. ಲಕ್ಷಗಟ್ಟಲೆ ಜನ ಊರೊಳಗೇ ಸಿಕ್ಕಿಹಾಕಿಕೊಂಡಿದ್ರು. ಟೈಗ್ರಿಸ್ ನದಿ ಮೇಲಿನ ಐದು ಸೇತುವೆಗಳಿಗೂ ಬಾಂಬ್ ಬಿದ್ದಿತ್ತು. ಸರಿಯಾದ ಆಸ್ಪತ್ರೆ ಅಂದ್ರೆ ಎರ್ಬಿಲ್, ಎಂಬತ್ತು ಕಿಲೋಮೀಟರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಶಿವಮೊಗ್ಗದಿಂದ ದಾವಣಗೆರೆಗೆ ಹೋದಷ್ಟು, ಏನು ಮಹಾ ಅನ್ನಿಸುತ್ತೆ, ಆದ್ರೆ ಮಧ್ಯೆ ಚೆಕ್‌ಪೋಸ್ಟ್ ಮೇಲೆ ಚೆಕ್‌ಪೋಸ್ಟ್, ಇರಾಕಿ ಸೈನ್ಯದ್ದೊಂದು ಕುರ್ದ್‌ಗಳದ್ದೊಂದು, ಹೊಟ್ಟೆಯೊಳಗೆ ರಕ್ತ ಸುರೀತಿರೋನು ಅಲ್ಲಿ ಗಾಡಿಯಲ್ಲಿ ಮಲಗಿ ಕಾಯ್ತಿರಬೇಕು.

ಕಾನೂನು ಪ್ರಕಾರ ಗಾಯಾಳುಗಳನ್ನ ಎತ್ಕೊಂಡು ಬಂದು ನೋಡ್ಕೊಳ್ಳೋದು ಯುದ್ಧ ಮಾಡೋರದ್ದೇ ಜವಾಬ್ದಾರಿ, ಜಿನೀವಾ ಒಪ್ಪಂದ ಹಾಗೇ ಹೇಳುತ್ತೆ. ಇರಾಕಿ ಸೈನ್ಯದ ಹತ್ರ ಅಷ್ಟು ವೈದ್ಯಕೀಯ ಶಕ್ತಿ ಇರಲಿಲ್ಲ. ಆಗ ವಿಶ್ವ ಆರೋಗ್ಯ ಸಂಸ್ಥೆಯವರು ಹಿಂದೆ ಮಾಡದ ಒಂದು ಕೆಲಸ ಮಾಡಿದ್ರು, ಸೈನ್ಯಗಳು ತಮ್ಮವರಿಗೆ ಅಂತ ಇಟ್ಕೊಂಡಿದ್ದ ಏರ್ಪಾಟನ್ನ ಜನಸಾಮಾನ್ಯರಿಗೂ ಹಾಕಿ ನೋಡಿದ್ರು. ಯುದ್ಧ ನಡೆಯೋ ಜಾಗದಿಂದ ಸುಮಾರು ಹತ್ತು ನಿಮಿಷದಲ್ಲಿ ಒಂದು ಸಣ್ಣ ಪಾಯಿಂಟು, ಪಾಳು ಬಿದ್ದ ಮನೆಯೋ ಏನೋ, ಅಲ್ಲಿ ಆಪರೇಷನ್ ಇಲ್ಲ, ರಕ್ತ ನಿಲ್ಲಿಸು, ಉಸಿರಾಟ ಸರಿ ಮಾಡು, ಡ್ರಿಪ್ ಹಾಕು, ಹತ್ತಿಸು ಆಂಬುಲೆನ್ಸ್. ಅಲ್ಲಿಂದ ಒಂದು ಗಂಟೆಯೊಳಗೆ ಓಟಿ ಇರೋ ಫೀಲ್ಡ್ ಆಸ್ಪತ್ರೆ, ಬರ್ತೆಲ್ಲಾದಲ್ಲೊಂದು, ಹಮ್ಮಾಮ್ ಅಲ್ ಅಲೀಲ್‌ನಲ್ಲೊಂದು, ಹೀಗೆ. ಊರಿನ ಪಶ್ಚಿಮ ಭಾಗಕ್ಕೆ ಯುದ್ಧ ಸರಿದ ಹಾಗೆ ಈ ಪಾಯಿಂಟುಗಳೂ ಗಂಟುಮೂಟೆ ಕಟ್ಕೊಂಡು ಹಿಂದೆಯೇ ಸರಿದವು. ಆಮೇಲೆ ಅಮೆರಿಕದ ವಿಶ್ವವಿದ್ಯಾಲಯ ಜಾನ್ಸ್ ಹಾಪ್ಕಿನ್ಸ್‌ನವರು ಲೆಕ್ಕ ಹಾಕಿ 2018ರಲ್ಲಿ ವರದಿ ಕೊಟ್ರು, ಸುಮಾರು 1,500ರಿಂದ 1,800 ಜೀವ ಉಳಿದಿರಬಹುದು ಅಂತ, ಅದರಲ್ಲಿ ಸೈನಿಕರೂ ಸೇರಿದ್ದಾರೆ, ಜನಸಾಮಾನ್ಯರೂ ಸೇರಿದ್ದಾರೆ. ಅಂದಾಜೇ ಅನ್ನಿ, ಆದ್ರೂ ಕಡಿಮೆ ಸಂಖ್ಯೆ ಅಲ್ಲ.

ಆದ್ರೆ ಅದೇ ವರದಿಯಲ್ಲಿ ಕಿರಿಕಿರಿಯ ವಿಷಯಗಳೂ ಇವೆ. ಹತ್ತು ನಿಮಿಷದ ದೂರದಲ್ಲಿ ನಿಲ್ಲಬೇಕು ಅಂದ್ರೆ ಸೈನ್ಯದ ಬೆನ್ನಿಗಂಟಿಕೊಂಡೇ ನಿಲ್ಲಬೇಕು, ಅವರ ಕಾವಲಲ್ಲೇ. ಹಾಗಿದ್ರೆ ಆ ಡಾಕ್ಟ್ರು ಯಾರ ಕಡೆಯವನು? ರೆಡ್ ಕ್ರಾಸ್ ಸಮಿತಿ, ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ತರದ ಹಳೇ ಹುಲಿಗಳು ಅಷ್ಟು ಹತ್ತಿರ ಬರೋಕೆ ಒಪ್ಪಲಿಲ್ಲ, ಇವತ್ತು ಒಂದು ಸೈನ್ಯದ ಜೊತೆ ಕಾಣಿಸ್ಕೊಂಡ್ರೆ ನಾಳೆ ಇನ್ನೊಂದು ದೇಶದಲ್ಲಿ ನಮ್ಮ ಆಸ್ಪತ್ರೆ ಮೇಲೆ ಗುಂಡು ಬೀಳುತ್ತೆ ಅನ್ನೋದು ಅವರ ಭಯ. ಸುಮ್ಮನೆ ಭಯ ಅಂತ ತಳ್ಳಿಹಾಕೋಕಾಗಲ್ಲ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ನವರದ್ದೇ ಟ್ರಾಮಾ ಆಸ್ಪತ್ರೆ, ಜಾಗದ ಜಿಪಿಎಸ್ ಮೊದಲೇ ಎಲ್ಲರಿಗೂ ಕೊಟ್ಟಿದ್ರು, ಆದ್ರೂ ಅಮೆರಿಕದ ವಿಮಾನ ಹೊಡೆದು 42 ಜನ ಸತ್ರು. ಮುಂದಿನ ಮೇ ತಿಂಗಳಲ್ಲಿ ಭದ್ರತಾ ಮಂಡಳಿ ಆಸ್ಪತ್ರೆಗಳ ಮೇಲೆ ದಾಳಿ ಮಾಡಬೇಡಿ ಅಂತ 2286 ನಂಬರಿನ ನಿರ್ಣಯ ಪಾಸ್ ಮಾಡಿತು. ಅದಾದ ಮೇಲೆ ಸಿರಿಯಾ, ಉಕ್ರೇನ್, ಗಾಜಾ, ಸುಡಾನ್ ಏನಾಯ್ತು ಅಂತ ನೀವೇ ಪೇಪರಲ್ಲಿ ಓದಿದೀರ. ನನಗೆ ಕೇಳಿದ್ರೆ ಎರಡೂ ಕಡೆಯವರ ಮಾತು ಸರಿ ಅನ್ನಿಸುತ್ತೆ, ಆದ್ರೆ ಆ ಪಾಯಿಂಟಲ್ಲಿ ಉಳಿದ ಮಗುವಿನ ಅಮ್ಮನ್ನ ಕೇಳಿದ್ರೆ ಈ ಚರ್ಚೆಯೇ ಇರಲ್ಲ.

ಮೋಸುಲ್ ಕತೆ ದುಡ್ಡಿನ ಕತೆ ಕೂಡ, ಟೆಂಟು, ವಿದೇಶಿ ಟೀಮು, ಕಂಟ್ರಾಕ್ಟು. ನನ್ನ ಮನಸ್ಸಿಗೆ ನಾಟಿದ್ದು ಅದೇ ಇರಾಕಿನ ಉತ್ತರ ಭಾಗದ್ದು, ಅದಕ್ಕೂ ಇಪ್ಪತ್ತು ವರ್ಷ ಹಿಂದಿನದ್ದು. ಇರಾನ್ ಜೊತೆ ಯುದ್ಧ ಆದಾಗ ಹೂತಿದ್ದ ನೆಲಬಾಂಬುಗಳು ಕುರ್ದ್ ಗುಡ್ಡಗಳ ತುಂಬ ಹಾಗೇ ಉಳಿದಿದ್ವು, ಕುರಿ ಮೇಯಿಸೋರು, ಸೌದೆ ತರೋರು ತುಳಿದು ಸಾಯ್ತಿದ್ರು. ಕಾಂಬೋಡಿಯಾದಲ್ಲೂ ಅದೇ ಪಾಡು. ನಾರ್ವೆಯ ಹಾನ್ಸ್ ಹುಸುಂ ಅನ್ನೋ ಸರ್ಜನ್ ಮತ್ತೆ ಅವರ ಗೆಳೆಯರು ಅಲ್ಲಿ ಆಸ್ಪತ್ರೆ ಕಟ್ಟೋಕೆ ಹೋಗಲಿಲ್ಲ. ಎರಡು ಹಂತ ಮಾಡಿದ್ರು, 135 ಜನ ಊರಿನವರನ್ನೇ ಪ್ಯಾರಾಮೆಡಿಕ್ ಮಾಡಿದ್ರು, ಅವರು ಮತ್ತೆ 5,200 ಹಳ್ಳಿ ಜನಕ್ಕೆ, ರೈತರು ಮಕ್ಕಳು ಯಾರಂದ್ರೆ ಅವರಿಗೆ, ರಕ್ತ ಹೇಗೆ ನಿಲ್ಲಿಸೋದು, ಪ್ರಜ್ಞೆ ಇಲ್ಲದವರನ್ನ ಹೇಗೆ ಮಲಗಿಸೋದು ಅಂತ ಕಲಿಸಿದ್ರು. 1997ರಿಂದ 2001ರವರೆಗೆ 1,061 ಗಾಯಾಳುಗಳನ್ನ ನೋಡ್ಕೊಂಡ್ರು. ಮೊದಲು ನೂರಕ್ಕೆ 40 ಜನ ಸಾಯ್ತಿದ್ದವರು ಈ ಅವಧಿಯಲ್ಲಿ 14.9ಕ್ಕೆ ಇಳಿದ್ರು. ಹೊಸ ಮೆಷಿನ್ ಇಲ್ಲ, ಹೆಲಿಕಾಪ್ಟರ್ ಇಲ್ಲ. ಗಾಯದೊಳಗೆ ಬಟ್ಟೆ ತುರುಕಿ ಬಿಗಿಯಾಗಿ ಸುತ್ತಿ ಮೈ ಬೆಚ್ಚಗಿಟ್ಟು ಹೊತ್ಕೊಂಡು ಬರೋದು.

ಮೈ ಬೆಚ್ಚಗಿಡೋದು ಅಂದಾಗ ಜನ ನಗ್ತಾರೆ, ಅದರಲ್ಲೇನು ಮಹಾ ಅಂತ. ರಕ್ತ ಹೋದವರ ಮೈ ಸುಡು ಬಿಸಿಲಲ್ಲೂ ತಣ್ಣಗಾಗುತ್ತೆ, ಮೈ ತಣ್ಣಗಾದ್ರೆ ರಕ್ತ ಹೆಪ್ಪುಗಟ್ಟಲ್ಲ, ಹೆಪ್ಪುಗಟ್ಟದಿದ್ರೆ ಇನ್ನೂ ಹೋಗುತ್ತೆ, ರಕ್ತದಲ್ಲಿ ಆಮ್ಲ ಜಾಸ್ತಿ ಆಗುತ್ತೆ, ಈ ಸುಳಿಗೆ ಸಿಕ್ಕವರನ್ನ ಟೇಬಲ್ ಮೇಲೆ ಐದು ಗಂಟೆ ಇಟ್ಕೊಂಡು ಪೂರ್ತಿ ರಿಪೇರಿ ಮಾಡ್ತೀನಿ ಅಂತ ಹೊರಟ್ರೆ ರಿಪೇರಿ ಚೆನ್ನಾಗಾಗುತ್ತೆ, ಮನುಷ್ಯ ಉಳಿಯಲ್ಲ. ಅದಕ್ಕೇ ಈಗ ಬೇಗ ಹೊಟ್ಟೆ ಕೊಯ್ದು, ರಕ್ತ ನಿಲ್ಲಿಸಿ, ಕರುಳಿನ ತೂತು ಕಟ್ಟಿ, ಬಟ್ಟೆ ತುಂಬಿ ಹೊರಗೆ ಬಂದು, ಐಸಿಯುನಲ್ಲಿ ಮೈ ಬಿಸಿ ಮಾಡಿ ಒಂದೆರಡು ದಿನ ಬಿಟ್ಟು ಮತ್ತೆ ತೆಗೀತಾರೆ. ಒಂದು ಕಂಬಳಿಯ ಬೆಲೆ ಅಲ್ಲಿ ಗೊತ್ತಾಗೋದು.

ಇನ್ನೊಂದು ಅಗ್ಗದ ವಸ್ತು. ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದ್ರೆ ಲೇಡಿ ಡಾಕ್ಟ್ರು ಬರೆದುಕೊಡೋ ಮಾತ್ರೆ ಇದೆಯಲ್ಲ, ಅದೇ. ಜಪಾನಿನ ಉತಾಕೋ ಒಕಾಮೋತೋ ಮತ್ತೆ ಅವರ ಗಂಡ ಕಂಡುಹಿಡಿದಿದ್ದು, ಹೆರಿಗೆಯಲ್ಲಿ ರಕ್ತ ಹೋಗಿ ಸಾಯೋ ಹೆಂಗಸರನ್ನ ಉಳಿಸಬೇಕು ಅಂತ. 2010ರಲ್ಲಿ 40 ದೇಶದ 274 ಆಸ್ಪತ್ರೆಗಳಲ್ಲಿ, ನಮ್ಮ ದೇಶದ್ದೂ ಇದ್ದವು, 20,211 ಗಾಯಾಳುಗಳ ಮೇಲೆ ನಡೆದ ದೊಡ್ಡ ಟ್ರಯಲ್ ಫಲಿತಾಂಶ ಬಂತು, ಇಂಜೆಕ್ಷನ್ ಬೇಗ ಕೊಟ್ರೆ ರಕ್ತಸ್ರಾವದ ಸಾವು ಕಡಿಮೆ ಆಗುತ್ತೆ ಅಂತ. ಆದ್ರೆ ಮೂರು ಗಂಟೆ ಆದಮೇಲೆ ಕೊಟ್ರೆ ಲಾಭ ಇಲ್ಲ, ಉಲ್ಟಾ ಹೊಡೆಯಬಹುದು. ಚೆಕ್‌ಪೋಸ್ಟಲ್ಲಿ ಕಾಯೋದು ಅಂದ್ರೆ ಇದೇ ಮೂರು ಗಂಟೆ ಕಳ್ಕೊಳ್ಳೋದು.

ಟೂರ್ನಿಕೆ, ಅಂದ್ರೆ ರಕ್ತ ನಿಲ್ಲಿಸೋ ಬಿಗಿಪಟ್ಟಿ, ಕೂಡ ಹಾಗೇ. ಕೈಕಾಲಿಗೆ ಬಿಗಿಯಾಗಿ ಕಟ್ಟಿದ್ರೆ ಜೀವ ಉಳಿಯುತ್ತೆ, ಅನುಮಾನ ಇಲ್ಲ. ಆದ್ರೆ ಅದು ಅಮೆರಿಕದ ಸೈನಿಕನ ಲೆಕ್ಕ, ಒಂದು ಗಂಟೆಯೊಳಗೆ ಬಿಚ್ಚೋ ಸರ್ಜನ್ ಸಿಗ್ತಾನೆ ಅನ್ನೋ ಧೈರ್ಯದ ಮೇಲೆ ನಿಂತಿರೋದು. ಎರಡು ಗಂಟೆ ದಾಟಿದ್ರೆ ಕಷ್ಟ, ಆರು ಗಂಟೆ ಆದ್ರೆ ಆ ಕಾಲು ಹೆಚ್ಚುಕಮ್ಮಿ ಹೋದಂಗೇ. ಡ್ರೋನ್ ಭಯಕ್ಕೆ ಗಾಯಾಳುಗಳನ್ನ ಹೊರಗೆ ತರೋಕೇ ಆಗದ ಉಕ್ರೇನಿನಲ್ಲಿ ಈ ಸಮಸ್ಯೆ ನೋಡ್ತಿದಾರೆ, ಬೇಡದ ಕಡೆ ಕಟ್ಟಿದ್ದು, ಕಟ್ಟಿ ಮರೆತಿದ್ದು. ಅದಕ್ಕೇ ಪಟ್ಟಿ ಕಟ್ಟೋದು ಕಲಿಸೋದರ ಜೊತೆ ಯಾವಾಗ ಬಿಚ್ಚಬೇಕು ಅನ್ನೋದನ್ನೂ ಕಲಿಸಬೇಕು ಅಂತ ಈಗ ಹೇಳ್ತಿದಾರೆ.

ಸರ್ಜನ್ ಯಾರಿರಬೇಕು ಅನ್ನೋದರ ಬಗ್ಗೆ ನನಗೊಂದು ಹಠ ಇದೆ, ಸೂಪರ್ ಸ್ಪೆಷಾಲಿಟಿ ಗೆಳೆಯರು ಬೈದ್ರೂ ಪರವಾಗಿಲ್ಲ. ಮೊಣಕಾಲು ಮಾತ್ರ, ಅದೂ ಬಲಗಡೆದು ಮಾತ್ರ ಮಾಡೋ ಡಾಕ್ಟ್ರನ್ನ ಅಲ್ಲಿಗೆ ಕಳಿಸಿ ಪ್ರಯೋಜನ ಇಲ್ಲ. ಬೆಳಿಗ್ಗೆ ಹೊಟ್ಟೆ ಆಪರೇಷನ್ ಮಾಡಿ, ಮಧ್ಯಾಹ್ನ ಮುರಿದ ತೊಡೆಗೆ ತೂಕ ಕಟ್ಟಿ ಎಳೆಯೋ ಟ್ರ್ಯಾಕ್ಷನ್ ಹಾಕಿ, ಸಂಜೆ ಸಿಸೇರಿಯನ್ ಮಾಡೋನು ಬೇಕು. ಯುದ್ಧ ನಡೀತಿದೆ ಅಂತ ಹೆರಿಗೆ ನಿಲ್ಲುತ್ತಾ? ಇಂಥ ಆಸ್ಪತ್ರೆಗಳಲ್ಲಿ ಸಿಸೇರಿಯನ್ನೇ ರಾಶಿ ರಾಶಿ ಆಗುತ್ತೆ. ಅರಿವಳಿಕೆ ಕೊಡೋ ಗ್ಯಾಸ್ ಮೆಷಿನ್ ಇಲ್ಲದಿದ್ರೆ ಇಂಜೆಕ್ಷನ್ ಅರಿವಳಿಕೆ ಕೆಟಮಿನ್‌ನಲ್ಲೇ ಎಲ್ಲಾನೂ, ಕರೆಂಟು ಹೋದ್ರೂ ರೋಗಿ ಉಸಿರಾಡ್ತಾನೇ ಇರ್ತಾನೆ. ನಮ್ಮ ಹಳೇ ತಾಲ್ಲೂಕು ಆಸ್ಪತ್ರೆ ಸರ್ಜನ್‌ಗಳು ಹೀಗೇ ಇದ್ರು, ಆ ತಳಿ ಈಗ ಎಲ್ಲ ಕಡೆ ಕಮ್ಮಿ ಆಗ್ತಿದೆ.

ಗಾಯ ಆದ ಆಮೇಲಿನ ವರ್ಷಗಳ ಬಗ್ಗೆ ಬರೆಯೋರು ಕಮ್ಮಿ, ಮೋಸುಲ್ ವರದಿಯೂ ಅಲ್ಲೇ ಬೆರಳಿಟ್ಟು ತೋರಿಸಿದ್ದು, ಆಪರೇಷನ್ ಆದಮೇಲಿನ ಆರೈಕೆ, ಪುನರ್ವಸತಿ ತೀರಾ ಸಾಲದು ಅಂತ. ಕಾಲು ಹೋದ ಎಂಟು ವರ್ಷದ ಹುಡುಗಿಯನ್ನ ನೆನೆಸ್ಕೊಳ್ಳಿ. ಅವಳು ಬೆಳೀತಾಳೆ, ಕೃತಕ ಕಾಲು ಬೆಳೆಯಲ್ಲ, ಆರು ತಿಂಗಳಿಗೋ ವರ್ಷಕ್ಕೋ ಹೊಸದು ಬೇಕು. ಜೊತೆಗೆ ಕತ್ತರಿಸಿದ ಮೂಳೆ ಕೂಡ ಬೆಳೆದು ಚರ್ಮ ಚುಚ್ಚಿ ಹೊರಗೆ ಬರಬಹುದು, ಮತ್ತೆ ಆಪರೇಷನ್. ಮದುವೆ ವಯಸ್ಸಿಗೆ ಬರೋಷ್ಟರಲ್ಲಿ ಎಷ್ಟು ಕಾಲು ಲೆಕ್ಕ ಹಾಕಿ. ಕಾಬೂಲಿನ ರೆಡ್ ಕ್ರಾಸ್ ಕೇಂದ್ರದಲ್ಲಿ ಇಟಲಿಯ ಅಲ್ಬೆರ್ತೋ ಕೈರೋ 1990ರಿಂದ ಇದೇ ಕೆಲಸಕ್ಕೆ ಕೂತರು, ಅಲ್ಲಿ ಕಾಲು ಮಾಡೋರಲ್ಲಿ ಹೆಚ್ಚಿನವರು ತಾವೇ ಅಂಗವೈಕಲ್ಯ ಇರೋರು. ನಮ್ಮ ಜೈಪುರ ಕಾಲು ಕೂಡ ಅಫ್ಘಾನಿಸ್ತಾನಕ್ಕೆ ಹೋಗಿದೆ, ಅದು ಹಾಕ್ಕೊಂಡು ಬರಿಗಾಲಲ್ಲಿ ಗದ್ದೆಗೂ ಇಳೀಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು.

ನಂಜು ಬೇರೆ. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ನವರು 2006ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಇರಾಕಿ ಗಾಯಾಳುಗಳಿಗೆ ಅಂತ ಒಂದು ಆಸ್ಪತ್ರೆ ಶುರು ಮಾಡಿದ್ರು, ಆಮೇಲೆ ಸಿರಿಯಾ ಯೆಮನ್‌ನವರೂ ಬಂದ್ರು. ಸೊಟ್ಟ ಕೂಡಿಕೊಂಡ ಮೂಳೆ, ಸುಟ್ಟು ಗದ್ದ ಎದೆಗೆ ಅಂಟಿದ ಮುಖ ಸರಿ ಮಾಡೋದು ಅವರ ಕೆಲಸ. ಮೂಳೆಯೊಳಗೆ ಕೂತ ಬ್ಯಾಕ್ಟೀರಿಯಾ ಯಾವ ಔಷಧಿಗೂ ಬಗ್ಗದೆ ಇರೋದು ಅಲ್ಲಿ ದಿನದ ತಲೆನೋವು, ಹಾಗಾಗಿ ಓಟಿ ಎಷ್ಟು ಮುಖ್ಯವೋ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋ ಕಲ್ಚರ್ ಲ್ಯಾಬೂ ಅಷ್ಟೇ. ಅಂಥದ್ದೇ ಒಂದು ಬ್ಯಾಕ್ಟೀರಿಯಾ ಅಸಿನೆಟೋಬ್ಯಾಕ್ಟರ್, ಅದರ ಹೆಸರು ಕೇಳಿದ್ರೆ ನಮ್ಮ ಐಸಿಯು ಸಿಸ್ಟರ್‌ಗಳಿಗೂ ಬೆವರು ಬರುತ್ತೆ, ಅದಕ್ಕೆ ಯುದ್ಧವೇ ಬೇಕಂತಿಲ್ಲ, ಕೆಮ್ಮಿಗೆಲ್ಲ ಆಂಟಿಬಯೋಟಿಕ್ ನುಂಗೋ ನಾವು ಸಾಕು.

ಹೋದ ಮಳೆಗಾಲ ನಮ್ಮ ಆಸ್ಪತ್ರೆಗೆ ಮತ್ತೊಬ್ಬರು ಬಂದ್ರು. ಅದೇ ಸಿಡಿಮದ್ದು, ಈ ಸಲ ಎಡಗೈ, ಒಂದೂವರೆ ಬೆರಳು ಹೋಗಿತ್ತು. ಕತ್ತಲ ಬಣ್ಣದ ಮಾಂಸ ಎಲ್ಲ ತೆಗೆದೆ, ಬಕೆಟ್ಟುಗಟ್ಟಲೆ ನೀರಲ್ಲಿ ತೊಳೆದೆ, ಹೊಲಿಯದೆ ಗಾಜ್ ಬಟ್ಟೆ ಇಟ್ಟು ಕಟ್ಟಿ ವಾರ್ಡಿಗೆ ಕಳಿಸಿದೆ. ಎರಡನೇ ದಿನಕ್ಕೆ ಅವರ ಭಾವಮೈದ ಗಲಾಟೆ ಶುರು ಮಾಡಿದ. ಗೌರ್ಮೆಂಟ್ ಆಸ್ಪತ್ರೆ ಅಂತ ಹೊಲಿಗೆನೂ ಹಾಕಲ್ವಾ ಅಂತ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡ. "ಏನೋ ಮಾರಾಯ, ಐದು ದಿನ ಟೈಮ್ ಕೊಡು, ಆಮೇಲೆ ಎಲ್ಲಿಗೆ ಬೇಕಾದ್ರೂ ಹಾಕು" ಅಂದೆ. ಹೌಸ್ ಸರ್ಜನ್ (ತರಬೇತಿಯಲ್ಲಿರೋ ಡಾಕ್ಟ್ರು) ಹುಡುಗಿಗೂ ಅನುಮಾನ, ಪಟ್ಟಿ ಮೇಲೆ ಕಲೆ ಬಂದಿದೆ ಸರ್, ಒಂದ್ಸಲ ಬಿಚ್ಚಿ ನೋಡ್ಲಾ ಅಂತ ದಿನಾ ಕೇಳ್ತಿದ್ಲು. ಜ್ವರ ಇದೆಯಾ? ಇಲ್ಲ ಸರ್. ಕೊಳೆತ ವಾಸನೆ ಇದೆಯಾ? ಇಲ್ಲ, ಏನೋ ಒಂತರಾ ಮೂತ್ರದ ಹಾಗೆ ಘಾಟು ಇದೆ. ಅದು ಇರಬೇಕಾದ್ದೇ, ಬಿಡು ಅಂದೆ. ಬಾಯಲ್ಲಿ ಬಿಡು ಅಂದ್ರೂ ರಾತ್ರಿ ಎರಡು ಸಲ ನಾನೇ ಹೋಗಿ ಮೂಸಿ ನೋಡಿ ಬಂದಿದೀನಿ.

ಐದನೇ ದಿನ ಕೆಟಮಿನ್ ಕೊಟ್ಟು ಪಟ್ಟಿ ಬಿಚ್ಚಿದ್ವಿ. ಒಣಗಿ ಕಚ್ಚಿಕೊಂಡಿದ್ದ ಗಾಜ್ ಬಟ್ಟೆ ಎಳೆದ ಕಡೆ ಎಲ್ಲ ಹನಿ ಹನಿಯಾಗಿ ಕೆಂಪು ರಕ್ತ ಒಸರಿತು. ಹುಡುಗಿ ಮಾಸ್ಕ್ ಒಳಗೇ "ಓ" ಅಂದ್ಲು. ಹೊಲಿಗೆ ಅವಳ ಕೈಯಲ್ಲೇ ಹಾಕಿಸಿದೆ, ಅಷ್ಟೇನು ಚೆಂದ ಬರಲಿಲ್ಲ. ಮರುದಿನ ರೌಂಡ್ಸಿಗೆ ಹೋದಾಗ ಆ ಮನುಷ್ಯ ಉಳಿದ ಬೆರಳುಗಳನ್ನ ಅಲ್ಲಾಡಿಸ್ತಾ, ಕೊನೆ ಕೊಯ್ಲು ಶುರುವಾಗೋಷ್ಟರಲ್ಲಿ ಕತ್ತಿ ಹಿಡಿಯೋಕಾಗುತ್ತಾ ಡಾಕ್ಟ್ರೇ ಅಂತ ಕೇಳಿದ್ರು. ಭಾವಮೈದ ಆ ಕಡೆ ಕಿಟಕಿ ಹತ್ರ ನಿಂತು ಚಾ ಕುಡೀತಿದ್ದ.